ಮೂರು ನಿಮಿಷದ ರೆಕಾರ್ಡು, ರಾತ್ರಿಯಿಡೀ ಮೈಫಿಲು

ಧಾರವಾಡ, ಹುಬ್ಬಳ್ಳಿ ಕಡೆ ಸಂಗೀತ ಸಭೆ ಮುಗಿದು ಜನ ಹೊರಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವಾಗ ಒಂದು ಮಾತು ಕಿವಿಗೆ ಬೀಳದೇ ಇರದು. ‘ಇದೇನು ಬಿಡ್ರಿ, ಮನಸೂರ ಅವರು ಹಾಡೋದನ್ನ ಎದುರಿಗೆ ಕೂತು ಕೇಳಬೇಕಿತ್ತು ನೀವು’ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಪಕ್ಕದಲ್ಲಿರುವ ತರುಣ ಪೆಚ್ಚಾಗಿ ನಗುತ್ತಾನೆ. ಅವನ ಬಳಿ ಮಲ್ಲಿಕಾರ್ಜುನ ಮನಸೂರರ ನೂರು ಗಂಟೆಯ ಗಾಯನವೇ ಇರಬಹುದು. ಆದರೂ ಆ ಮಾತಿಗೆ ಅವನಲ್ಲಿ ಉತ್ತರವಿಲ್ಲ.

ಮೆಚ್ಚಿದ ಕಲಾವಿದರನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಲಾಗಲಿಲ್ಲವೆಂಬ ಈ ಕೊರಗು ಬಹಳ ಹಳೆಯದೆಂದು ನಮಗೆ ಅನ್ನಿಸುತ್ತದೆ. ವಾಸ್ತವವಾಗಿ ಅದರ ವಯಸ್ಸು ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ತಾನಸೇನನ ಹಾಡು ಕೇಳಲಿಲ್ಲವೆಂದು ಯಾರೂ ಕಣ್ಣೀರು ಹಾಕಿದ್ದಿಲ್ಲ. ಅವನ ದನಿ ಹೇಗಿತ್ತೆಂಬ ಸುಳಿವೇ ಯಾರಿಗೂ ಇರಲಿಲ್ಲ. ಸ್ವಲ್ಪ ಕೇಳಿಸಿ, ಉಳಿದದ್ದಕ್ಕೆ ಹಂಬಲಿಸುವಂತೆ ಮಾಡಿದ್ದು ಗ್ರಾಮಾಫೋನು.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಮೈಕು ಇರಲಿಲ್ಲ. ಕಹಳೆಯಂಥ ದೊಡ್ಡ ಕೊಳವೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ದನಿಯ ಕಂಪನ ಸೂಜಿಯ ಮೂಲಕ ಮೇಣದ ಬಿಲ್ಲೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಆ ಮೇಣವನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ, ಅಲ್ಲಿ ಅರಗಿನ ತಟ್ಟೆಗಳನ್ನು ಒತ್ತಿಸಿ ತರಬೇಕಿತ್ತು. ದೂರದ ಕೆಲಸಗಾರರಿಗೆ ಗುರುತು ಸಿಗಲೆಂದು ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಈ ಗಾಯಕಿಯೇ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಮೈಫಿಲಿನಲ್ಲಿ ಗವಾಯಿ ತಂಬೂರಿ ಶ್ರುತಿ ಮಾಡಿಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಒಂದೊಂದೇ ಸ್ವರ ಬಿಡಿಸುತ್ತ ಮುಕ್ಕಾಲು ಗಂಟೆ, ಒಂದು ಗಂಟೆ ಬೆಳೆಯುವ ವಿಲಂಬಿತ ಖ್ಯಾಲಿಗೆ ತಟ್ಟೆಯಲ್ಲಿ ಜಾಗವೆಲ್ಲಿ? ಹಾಗಾಗಿ ಗಾಯಕರು ಚುಟುಕು ಆಲಾಪ ಮಾಡಿ, ದ್ರುತಗತಿಯ ಚೀಜು ಹಿಡಿದು, ನಾಲ್ಕು ತಾನು ಹೊಡೆದು ಮುಗಿಸುತ್ತಿದ್ದರು. 1925ರ ನಂತರ ವಿದ್ಯುತ್ ಮೈಕು ಬಂದು ದನಿ ಸ್ಪಷ್ಟವಾಯಿತಾದರೂ ಅವಧಿ ಬದಲಾಗಲಿಲ್ಲ.

ಇಷ್ಟಾದರೂ ಆ ಮೂರು ನಿಮಿಷ ಮಾಡಿದ ಕೆಲಸ ಸಣ್ಣದಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಒಂದು ಠುಮ್ರಿಯ ರೆಕಾರ್ಡು ಗದುಗಿನ ಒಬ್ಬ ಹುಡುಗನ ಕಿವಿಗೆ ಬಿತ್ತು. ಹಾಗೆ ಹಾಡಬೇಕು, ಹಾಗೆ ಹಾಡಲು ಗುರು ಬೇಕು ಎಂದು ಹನ್ನೊಂದರ ಆ ಪೋರ 1933ರಲ್ಲಿ ಮನೆ ಬಿಟ್ಟು ಓಡಿಹೋದ. ಊರೂರು ಅಲೆದು ಕೊನೆಗೆ ಮನೆಗೆ ಹತ್ತಿರದ ಕುಂದಗೋಳದಲ್ಲೇ ಅವನಿಗೆ ಗುರು ಸಿಕ್ಕರು. ಅವರು ಅಬ್ದುಲ್ ಕರೀಂ ಖಾನರ ಶಿಷ್ಯ, ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ. ಹುಡುಗ ಭೀಮಸೇನ ಜೋಶಿ. ಖಾನ್ ಸಾಹೇಬರು 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟಿದ್ದಾಗ, ಮದ್ರಾಸಿನ ಸಮೀಪ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಪ್ರಾಣಬಿಟ್ಟರು. ಭೀಮಸೇನರಿಗೆ ಆಗ ಹದಿನೈದು. ಖಾನ್ ಸಾಹೇಬರ ದನಿ ಮುಂದಿನ ಪೀಳಿಗೆಗೆ ಸಿಕ್ಕಿದ್ದು ಎರಡೇ ದಾರಿಯಲ್ಲಿ: ತಟ್ಟೆಯಿಂದ, ಇಲ್ಲವೇ ಶಿಷ್ಯರ ಕಂಠದಿಂದ.

ಅದೇ ಕಾಲದಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ದೊಡ್ಡ ದೊಡ್ಡ ಗವಾಯಿಗಳ ರೆಕಾರ್ಡು ಕೇಳಿ, ಅವರಂತೆಯೇ ಹಾಡಿ ತೋರಿಸಿ ಜನರನ್ನು ಬೆರಗುಗೊಳಿಸುತ್ತಿದ್ದ. ಅವನೇ ಕುಮಾರ ಗಂಧರ್ವ. ಧಾರವಾಡದಲ್ಲಿ ಬೀದಿಯಲ್ಲಿ ಗ್ರಾಮಾಫೋನು ಕೇಳಿಸಿದರೆ ಸಾಕು, ಗಾಂಧಾರಿ ಎಂಬ ಹುಡುಗಿ ಮನೆಯಿಂದ ಹೊರಗೋಡಿ ಬರುತ್ತಿದ್ದಳು. ಆಕೆ ಗಂಗೂಬಾಯಿ ಹಾನಗಲ್ ಆದಳು. ಎದುರು ಕೂತು ಕೇಳಲಾಗದ ಚಡಪಡಿಕೆಯೇ ಈ ಮಕ್ಕಳನ್ನು ಗುರುಗಳ ಮನೆ ಬಾಗಿಲಿಗೆ ತಂದಿತು ಎಂದರೆ ಅತಿಶಯೋಕ್ತಿಯೇನೂ ಆಗದು.

ಹಾಗಾದರೆ ತಟ್ಟೆಯಲ್ಲಿ ಕಳೆದುಹೋದದ್ದು ಏನು? ಬರೀ ಅವಧಿಯೇ? ಇದಕ್ಕೆ ಸವಾಯಿ ಗಂಧರ್ವರ ಉದಾಹರಣೆಗಿಂತ ಒಳ್ಳೆಯದು ಸಿಗಲಾರದು. 1886ರಲ್ಲಿ ಹುಟ್ಟಿದ ಅವರದು ಹುಟ್ಟಿನಿಂದ ಬಂದ ಸಲೀಸು ಕಂಠವಲ್ಲ. ವರ್ಷಗಟ್ಟಲೆ ದುಡಿದು ಪಳಗಿಸಿದ್ದು. ಮೈಫಿಲಿನಲ್ಲಿ ಅವರ ದನಿ ಕಾಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಮೊದಮೊದಲು ತೊಡಕುತ್ತ, ಒಡೆಯುತ್ತ ಸಾಗುವ ಸ್ವರ ಒಮ್ಮೆ ತೆರೆದುಕೊಂಡಿತೆಂದರೆ ಮತ್ತೆ ಅದರ ಮುಂದೆ ಯಾರೂ ನಿಲ್ಲುವಂತಿರಲಿಲ್ಲವೆಂಬುದು ಕೇಳಿದವರ ಮಾತು. ಇಂಥ ಗಾಯಕನನ್ನು ಕರೆದು, ಕೆಂಪು ದೀಪ ಹೊತ್ತಿಸಿ, ಮೂರು ನಿಮಿಷದಲ್ಲಿ ಮುಗಿಸಿ ಎಂದರೆ ದಾಖಲಾಗುವುದೇನು? ಅವರ ರೆಕಾರ್ಡುಗಳು ಇಂದಿಗೂ ಸಿಗುತ್ತವೆ. ಕೇಳಿದವರು ಸೊಗಸಾಗಿದೆ ಎನ್ನುತ್ತಾರೆ. ಆದರೆ ಭೀಮಸೇನ, ಗಂಗೂಬಾಯಿ, ಫಿರೋಜ್ ದಸ್ತೂರರಂಥ ಶಿಷ್ಯರು ಗುರುವಿನ ಬಗ್ಗೆ ಇಟ್ಟುಕೊಂಡಿದ್ದ ಅಷ್ಟು ದೊಡ್ಡ ಭಕ್ತಿಗೆ ಕಾರಣ ಆ ತಟ್ಟೆಗಳಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. 1942ರಲ್ಲಿ ಪಾರ್ಶ್ವವಾಯು ಬಡಿದು ಅವರ ಗಾಯನ ನಿಂತಿತು. 1952ರಲ್ಲಿ ತೀರಿಕೊಂಡರು. ಅಂದರೆ 1940ರ ಸುಮಾರಿಗೆ ಹುಟ್ಟಿದವರಿಗೆ ಸವಾಯಿ ಗಂಧರ್ವರೆಂದರೆ ಕಾಯುವ ಮೊದಲಿನ ಆ ಮೂರು ನಿಮಿಷಗಳೇ.

ಗಂಗೂಬಾಯಿಯವರ ಪ್ರಕರಣ ಇನ್ನೂ ವಿಚಿತ್ರ. 1930ರ ದಶಕದ ಅವರ ರೆಕಾರ್ಡುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಅನಂತರ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ದಪ್ಪಗಾಯಿತು. ಗಂಡುದನಿಯಂತೆ ಗಂಭೀರವಾದ ಆ ಸ್ವರವೇ ಅವರ ಹೆಗ್ಗುರುತಾಯಿತು. ಹಳೆಯ ತಟ್ಟೆ ಇಟ್ಟುಕೊಂಡ ಅಭಿಮಾನಿಯೂ, ಸಭೆಯಲ್ಲಿ ಎದುರು ಕೂತವನೂ ಇಬ್ಬರು ಬೇರೆ ಬೇರೆ ಗಾಯಕಿಯರನ್ನು ಮೆಚ್ಚಿದಂತೆಯೇ ಸರಿ.

ದಕ್ಷಿಣಾದಿಯಲ್ಲಿ ಇದೇ ಸಂಗತಿ ವಾದ್ಯದ ರೂಪದಲ್ಲಿದೆ. ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಚಮತ್ಕಾರ ತೋರಿಸುವುದಕ್ಕಲ್ಲ. ಧ್ವನಿವರ್ಧಕವಿಲ್ಲದ ಕಾಲ. ಸಾವಿರಾರು ಜನ ಸೇರಿದ ಚಪ್ಪರದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಬೇಕಿತ್ತು. ಮೈಕು ಬಂದ ಮೇಲೆ ಆ ಅಗತ್ಯ ಉಳಿಯಲಿಲ್ಲ. ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಇಂದು ಮನೆಯ ಸ್ಪೀಕರಿನಲ್ಲಿ ಆ ಪಿಟೀಲನ್ನು ನಮಗೆ ಬೇಕಾದಷ್ಟೇ ಸದ್ದಿಗೆ ಇಳಿಸಿ ಕೇಳಬಹುದು. ಚಪ್ಪರದ ಕೊನೆಯಲ್ಲಿ ಕಂಬಕ್ಕೊರಗಿ ಕೂತವನಿಗೆ ಅದು ಬಂದು ತಟ್ಟುತ್ತಿದ್ದ ಬಗೆ ಮಾತ್ರ ಆ ಮುದ್ರಣದಲ್ಲಿಲ್ಲ.

ಹಿರಿಯರು ಹೇಳುವುದನ್ನೆಲ್ಲ ಹಾಗೆಯೇ ನಂಬಬೇಕಿಲ್ಲ ಎಂಬುದೂ ನಿಜ. ನೆನಪು ಒಳ್ಳೆಯ ಸಂಪಾದಕ. ಗಂಟಲು ಕೈಕೊಟ್ಟ ರಾತ್ರಿ, ತಬಲಾದವನೊಡನೆ ಜಗಳವಾದ ರಾತ್ರಿ, ನಿದ್ದೆ ತೂಗಿದ ರಾತ್ರಿಗಳನ್ನು ಅದು ಕತ್ತರಿಸಿ ಹಾಕಿರುತ್ತದೆ. ಮೈಫಿಲಿಗೆ ಹೋದ ಎಲ್ಲರಿಗೂ ದೊಡ್ಡ ಸಂಗೀತವೇ ಸಿಕ್ಕಿತೆಂದಲ್ಲ. ಸಿಗಬಹುದಿತ್ತು, ಅಷ್ಟೆ. ಗವಾಯಿಗೂ ಅಂದು ಏನು ಬಂದೀತೆಂಬುದು ಮೊದಲೇ ತಿಳಿದಿರುತ್ತಿರಲಿಲ್ಲ. ಎದುರಿಗಿರುವ ನಾಲ್ಕು ಮುಖ ನೋಡಿ ರಾಗ ಆರಿಸುವುದು, ಬಲ್ಲವನೊಬ್ಬ ತಲೆದೂಗಿದರೆ ಅದೇ ಜಾಗವನ್ನು ಇನ್ನೊಮ್ಮೆ ಬೇರೆ ದಾರಿಯಿಂದ ಬಂದು ಮುಟ್ಟುವುದು, ಇದೆಲ್ಲ ಕೇಳುಗನೂ ಪಾಲುಗೊಂಡು ಆಗುವ ಕೆಲಸ. ಧ್ವನಿಮುದ್ರಣದಲ್ಲಿ ನಮಗೆ ಕೇಳಿಸುವುದು ಇನ್ಯಾರದೋ ತಲೆದೂಗಿಗೆ ಕೊಟ್ಟ ಉತ್ತರ.

ಮುಂದೆ ಅವಧಿಯ ಕೊರತೆ ನೀಗುತ್ತ ಬಂತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಆಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಹಿಡಿಯುವ ಎಲ್.ಪಿ. ತಟ್ಟೆ, ಅದರ ಹಿಂದೆ ಕ್ಯಾಸೆಟ್ಟು ಬಂದವು. ಖಾಸಗಿ ಬೈಠಕ್ಕುಗಳಲ್ಲಿ ಅಭಿಮಾನಿಗಳು ಟೇಪ್ ರೆಕಾರ್ಡರ್ ಇಟ್ಟು ತುಂಬಿಕೊಂಡದ್ದಂತೂ ರಾಶಿ. ಬಸವರಾಜ ರಾಜಗುರು 1991ರಲ್ಲಿ, ಕುಮಾರ ಗಂಧರ್ವ ಮತ್ತು ಮನಸೂರ 1992ರಲ್ಲಿ, ಗಂಗೂಬಾಯಿ 2009ರಲ್ಲಿ, ಭೀಮಸೇನ ಜೋಶಿ 2011ರಲ್ಲಿ ಅಗಲಿದರು. ಇಪ್ಪತ್ತೇ ವರ್ಷಗಳಲ್ಲಿ ಐವರು. ಆ ಬಳಿಕ ಬೆಳೆದವರಿಗೆ ಇವರ ಹಾಡಿನ ಬರವಿಲ್ಲ. ಆದರೂ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಆ ಪೆಚ್ಚುನಗೆ ತಪ್ಪಿಲ್ಲ.

ದನಿಯನ್ನೇ ಬಿಟ್ಟುಹೋಗದವರ ಪಾಡು ಬೇರೆ. ಜೈಪುರ ಘರಾಣೆಗೆ ಬುನಾದಿ ಹಾಕಿದ ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಆದರೆ ಅವರ ಹಾಡಿನ ತಟ್ಟೆ ಮಾರುಕಟ್ಟೆಗೆ ಬರಲೇ ಇಲ್ಲ. ಅವರ ಮಕ್ಕಳಾದ ಮಂಜೀಖಾನ್, ಭುರ್ಜೀಖಾನರಲ್ಲಿ ಕಲಿತ ಮನಸೂರರನ್ನು ಕೇಳಿ ಅಲ್ಲಾದಿಯಾ ಖಾನರು ಹೇಗಿದ್ದಿರಬಹುದೆಂದು ಊಹಿಸಬೇಕು. ಭಾಸ್ಕರಬುವಾ ಬಖಲೆಯವರ ಕಥೆ ಅದಕ್ಕೂ ಮುಂದಿನದು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಮೇಷ್ಟರಾಗಿದ್ದ ಅವರು ಮೂರು ಘರಾಣೆಗಳ ವಿದ್ಯೆ ಅರಗಿಸಿಕೊಂಡವರು. ನಾಟಕರಂಗದ ಬಾಲಗಂಧರ್ವರಿಗೂ ಅವರೇ ಗುರು. 1922ರಲ್ಲಿ ತೀರಿಕೊಂಡರು. ಧ್ವನಿಮುದ್ರಿಕೆ ಒಂದೂ ಉಳಿದಿಲ್ಲ. ಕಿವಿಯಾರೆ ಕೇಳಿದ ಕೊನೆಯವರೂ ಹೋಗಿ ಎಷ್ಟೋ ಕಾಲವಾಯಿತು. ಭಾಸ್ಕರಬುವಾ ಅವರನ್ನು ಕೇಳಲಾಗಲಿಲ್ಲವಲ್ಲ ಎಂದು ಧಾರವಾಡದಲ್ಲಿ ಈಗ ಯಾರೂ ಹಳಹಳಿಸುವುದಿಲ್ಲ.