ವಾಗ್ನರ್: ಕೈಬಿಟ್ಟ ಸಾಲುಗಳು, ಕೈಬಿಡದ ದ್ವೇಷ

1849ರ ಮೇ ತಿಂಗಳಲ್ಲಿ ಡ್ರೆಸ್ಡೆನ್‌ನಲ್ಲಿ ದಂಗೆ ಎದ್ದಾಗ, ಸ್ಯಾಕ್ಸನಿ ಅರಸನ ಸಂಬಳ ಉಣ್ಣುತ್ತಿದ್ದ ಆಸ್ಥಾನ ಸಂಗೀತ ನಿರ್ದೇಶಕ ರಿಚರ್ಡ್ ವಾಗ್ನರ್ ಬಂಡುಕೋರರ ಕಡೆ ಸೇರಿ, ಚರ್ಚಿನ ಗೋಪುರವೇರಿ ಸೈನ್ಯದ ಚಲನವಲನ ಕಾಯುತ್ತಿದ್ದ. ದಂಗೆ ಅಡಗಿತು, ಬಂಧನದ ವಾರಂಟ್ ಹೊರಟಿತು, ಆತ ಜ್ಯೂರಿಕ್‌ಗೆ ಪರಾರಿಯಾದ. 1864ರಲ್ಲಿ ಇದೇ ವಾಗ್ನರ್ ಬವೇರಿಯದ ದೊರೆ ಎರಡನೆಯ ಲುಡ್ವಿಗ್‌ನ ಆಶ್ರಯ ಪಡೆದು ಅರಸೊತ್ತಿಗೆಯ ಪರವಾಗಿ ಪ್ರಬಂಧ ಬರೆದ. ಇದನ್ನು ಅವಕಾಶವಾದ ಎಂದು ಷರಾ ಬರೆದು ಮುಗಿಸುವುದು ಸುಲಭ. (ಸಾಲದಲ್ಲಿ ಮುಳುಗಿದ್ದವನಿಗೆ ದೊರೆಯ ಕೃಪೆ ಬೇಕಿತ್ತೆಂಬುದೂ ಸುಳ್ಳಲ್ಲ.) ಆದರೆ ಆತನ ‘ರಿಂಗ್’ ಸಂಗೀತನಾಟಕ ಚತುಷ್ಟಯದ ಕೊನೆಯ ದೃಶ್ಯಕ್ಕೆ ಆದ ತಿದ್ದುಪಡಿಗಳು ಬೇರೆಯೇ ಕಾಲಕ್ರಮವನ್ನು ತೋರಿಸುತ್ತವೆ.

1848ರ ಕರಡಿನಲ್ಲಿ ದೇವತೆಗಳ ಆಳ್ವಿಕೆ ಉಳಿಯುತ್ತದೆ. 1852ರ ಪಾಠದಲ್ಲಿ ಅವರು ಅಳಿಯುತ್ತಾರೆ. ನಾಯಕಿ ಬ್ರುನ್‌ಹಿಲ್ಡೆ ಸಂಪತ್ತನ್ನೂ ಒಡಂಬಡಿಕೆಗಳನ್ನೂ ತಳ್ಳಿ ಪ್ರೀತಿಯೊಂದನ್ನೇ ಎತ್ತಿಹಿಡಿಯುತ್ತಾಳೆ. ಇಲ್ಲಿರುವುದು ತತ್ತ್ವಜ್ಞಾನಿ ಫಾಯರ್‌ಬಾಖ್‌ನ ಪ್ರಭಾವ. 1854ರಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ಶೋಪೆನ್‌ಹಾವರ್‌ನನ್ನು ಓದಿದ ವಾಗ್ನರ್, 1856ರಲ್ಲಿ ಆಕೆ ಪುನರ್ಜನ್ಮದಿಂದ ಬಿಡುಗಡೆ ಪಡೆದವಳಾಗಿ ಮಾತಾಡುವ ಮತ್ತೊಂದು ಮುಕ್ತಾಯ ಬರೆದ. ಲುಡ್ವಿಗ್‌ನ ಕರೆ ಬರಲು ಇನ್ನೂ ಎಂಟು ವರ್ಷಗಳಿದ್ದವು. ಎಂದರೆ ಕ್ರಾಂತಿಯ ನಂಬಿಕೆ ಕಳಚಿದ್ದು ರಾಜಾಶ್ರಯಕ್ಕಿಂತ ಬಹಳ ಮೊದಲು. 1856ರಲ್ಲೇ, ಸೆರೆಮನೆಯಲ್ಲಿದ್ದ ದಂಗೆಯ ಸಂಗಾತಿ ಆಗಸ್ಟ್ ರೋಕೆಲ್‌ಗೆ ಬರೆದ ಪತ್ರದಲ್ಲಿ, ತನ್ನೊಳಗಿನ ಕಲಾವಿದ ಮೊದಲೇ ಕಂಡುಕೊಂಡದ್ದು ತನ್ನ ವಿಚಾರಬುದ್ಧಿಗೆ ತಡವಾಗಿ ಹೊಳೆಯಿತು ಎಂಬರ್ಥದ ವಿವರಣೆ ಕೊಡುತ್ತಾನೆ. ದಂಗೆಯ ಬೆಲೆಯನ್ನು ಇನ್ನೂ ತೆರುತ್ತಿದ್ದವನಿಗೆ ಈ ತತ್ತ್ವಬೋಧೆ ಹೇಗೆ ಕೇಳಿಸಿತೋ!

1870ರ ದಶಕದಲ್ಲಿ ಆ ದೃಶ್ಯಕ್ಕೆ ಸಂಗೀತ ಕೂಡಿಸುವಾಗ ಎರಡೂ ದರ್ಶನಗಳ ಸಾಲುಗಳನ್ನು ವಾಗ್ನರ್ ಬಿಟ್ಟುಬಿಟ್ಟ. ಅವು ಅಚ್ಚಿನಲ್ಲಷ್ಟೇ ಉಳಿದವು. ಮಾತು ನಿಂತ ಮೇಲೆ ವಾದ್ಯವೃಂದ ಒಂದು ಹಳೆಯ ಧಾಟಿಯನ್ನು ಎತ್ತಿಕೊಳ್ಳುತ್ತದೆ: ಅದೇ ಚತುಷ್ಟಯದ ‘ವಾಲ್ಕ್ಯೂರ್’ ನಾಟಕದ ಮೂರನೆಯ ಅಂಕದಲ್ಲಿ, ತಾನು ಗರ್ಭಿಣಿಯೆಂದು ತಿಳಿದ ಜೀಗ್ಲಿಂಡೆ ಉಕ್ಕಿ ಹಾಡಿದ ಧಾಟಿ. ಅಲ್ಲಿಂದ ಈ ಕೊನೆಯ ದೃಶ್ಯದವರೆಗೆ ಅದು ಮತ್ತೆಲ್ಲೂ ಬರುವುದಿಲ್ಲ. ಅದರಲ್ಲಿ ಪ್ರೀತಿಯ ಗೆಲುವು ಕೇಳಿದವರೂ ಇದ್ದಾರೆ, ಬದುಕಿನ ಹಂಬಲದಿಂದ ಬಿಡುಗಡೆ ಕೇಳಿದವರೂ ಇದ್ದಾರೆ. ಸ್ವರಗಳು ಯಾವ ಪಕ್ಷಕ್ಕೂ ಸಹಿ ಹಾಕಿಲ್ಲ.

ಈ ಪರಿವರ್ತನೆಯನ್ನು ಪ್ರಬುದ್ಧತೆ ಎಂದು ಕೊಂಡಾಡುವ ಜೀವನಚರಿತ್ರೆಕಾರರು ಇನ್ನೊಂದು ಪಾಠಾಂತರವನ್ನೂ ಓದಬೇಕು. 1850ರಲ್ಲಿ ಗುಪ್ತನಾಮದಲ್ಲಿ ಪ್ರಕಟಿಸಿದ, ಸಂಗೀತದಲ್ಲಿ ಯೆಹೂದಿಗಳ ಕುರಿತ ವಿಷಪೂರಿತ ಲೇಖನ ದೇಶಭ್ರಷ್ಟ ಕ್ರಾಂತಿಕಾರಿಯ ದಿನಗಳದ್ದೇ. ಹಣದ ಆಳ್ವಿಕೆಯ ಮೇಲಿನ ಸಿಟ್ಟು ಅಲ್ಲಿ ಒಂದು ಜನಾಂಗದ ಮೇಲೆ ತಿರುಗಿತ್ತು. ಕ್ರಾಂತಿಯನ್ನು ಬಿಟ್ಟವನು ಇದನ್ನು ಬಿಡಲಿಲ್ಲ: 1869ರಲ್ಲಿ ಲೇಖನವನ್ನು ಬೆಳೆಸಿ, ಈ ಬಾರಿ ಸ್ವಂತ ಹೆಸರಿನಲ್ಲೇ, ಮತ್ತೆ ಅಚ್ಚು ಹಾಕಿಸಿದ.