ಕಾರ್ಖಾನೆ ಬೆಳೆಸಿದ ಊರು ಭದ್ರಾವತಿ

ನಮ್ಮ ರಾಂಪುರದಲ್ಲಿ ಹೆದ್ದಾರಿಗೆ ಬಂದು ನಿಂತರೆ ಬಳ್ಳಾರಿ ಬಸ್ಸು ಸಿಗುತ್ತದೆ. ಬಳ್ಳಾರಿ ದಾಟಿದರೆ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಬದುಕು ನೆಲೆ ನಿಂತಂತೆ ಎಂದು ನಮ್ಮ ಕಡೆ ಹುಡುಗರು ಅಂದುಕೊಳ್ಳುತ್ತಾರೆ. ಅದು ತಪ್ಪಲ್ಲ. ಮಳೆ ನಂಬಿ ಶೇಂಗಾ ಬಿತ್ತುವವರಿಗೆ ತಿಂಗಳ ಸಂಬಳ ದೊಡ್ಡ ಮಾತು. ಆದರೆ ಕಾರ್ಖಾನೆಯನ್ನೇ ನಂಬಿದ ಊರು ಮುಂದೆ ಏನಾಗುತ್ತದೆ? ಅದಕ್ಕೆ ಭದ್ರಾವತಿಯ ನೂರು ವರ್ಷದ ಕಥೆ ನೋಡಬೇಕು.

ಭದ್ರಾ ನದಿ ದಡದ ಈ ಊರಿನ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇಲ್ಲಿದೆ. ಆದರೆ ಊರನ್ನು ಪೇಟೆಯಾಗಿ ಬೆಳೆಸಿದ್ದು ಕಬ್ಬಿಣ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ಈ ಯೋಜನೆ ಚಿಂತಿಸಿದ್ದರು. 1918ರಲ್ಲಿ ಮೈಸೂರು ಸರ್ಕಾರ ಕೆಲಸ ಕೈಗೆತ್ತಿಕೊಂಡಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿ, ಬೀಡುಕಬ್ಬಿಣ ಹರಿಯಿತು.

ಇಲ್ಲೇ ಯಾಕೆ? ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಹೊಳೆಯಲ್ಲಿ ನೀರಿತ್ತು, ರೈಲು ಇತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದನ್ನು ಬಂಗಾಳ, ಬಿಹಾರದ ಕಡೆಯಿಂದ ತರಿಸಿದರೆ ದುಬಾರಿ. ಹಾಗಾಗಿ ಮಲೆನಾಡಿನ ಮರ ಕಡಿದು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಮರ ಸುಡುವಾಗ ಬರುವ ಹೊಗೆಯನ್ನೂ ಬಿಡದೆ ಅದರಿಂದ ಟಾರು, ಸ್ಪಿರಿಟ್ ತೆಗೆದರು. ಒಟ್ಟಿನಲ್ಲಿ ಊರು ಕಾಡಿನ ಮೇಲೆ ನಿಂತಿತು.

ಶುರುವಿನಲ್ಲೇ ಪೆಟ್ಟು ಬಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಬಂದಾಗ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆಸಿದರು. 1929ರವರೆಗೆ ಅವರೇ ಆಡಳಿತ ಮಂಡಳಿಯ ಅಧ್ಯಕ್ಷರು. 1936ರ ಹೊತ್ತಿಗೆ ಉಕ್ಕು ತಯಾರಿಕೆ ಬಂತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆ ಕಂಪನಿಯೂ ಹುಟ್ಟಿತು. ಕನ್ನಡದವರ ಜೊತೆ ತಮಿಳರು, ತೆಲುಗರು, ಮಲಯಾಳಿಗಳು ಕೆಲಸಕ್ಕೆ ಬಂದರು. ಹಳೇನಗರದ ಜೊತೆಗೆ ನ್ಯೂಟೌನ್, ಪೇಪರ್ ಟೌನ್ ಎಂಬ ಹೊಸ ಬಡಾವಣೆಗಳಾದವು. ಅಪ್ಪ ಕಾರ್ಖಾನೆಗೆ ಹೋದರೆ ಮಗನೂ ಅಲ್ಲಿಗೇ ಹೋಗುವ ಕಾಲ ಅದು. ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರೇ ಬಂತು.

ಆಮೇಲೆ ಊರಿನ ಬೇರುಗಳು ಒಂದೊಂದಾಗಿ ಸಡಿಲಾದವು. ಕಾಡು ಉಳಿಸಬೇಕೆಂಬ ಕಾನೂನು ಬಿಗಿಯಾಯಿತು, ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. ಅದಿರು ಮಗ್ಗುಲಲ್ಲೇ ಇದೆ ಎಂದು ಕಟ್ಟಿದ ಕಾರ್ಖಾನೆ, ಕೊನೆಗೆ ಸ್ವಂತ ಗಣಿಯಿಲ್ಲದ ಕಾರ್ಖಾನೆಯಾಯಿತು. 1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ ಕೈಗೆ ಹೋಗಿತ್ತು. ಇತ್ತ 2015ರಲ್ಲಿ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ, ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷವಾದಾಗ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಹೋರಾಟದ ನಂತರ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಮೊದಲಿನ ಭರವಸೆ ಮಾತ್ರ ತಿರುಗಿ ಬರಲಿಲ್ಲ.

ಈಗ ತೋರಣಗಲ್ಲಿನ ಕಡೆ ನೋಡೋಣ. ಅಲ್ಲಿ 1971ರಲ್ಲಿ ಇಂದಿರಾ ಗಾಂಧಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಎರಡು ದಶಕ ಕಾದರೂ ಅದು ಮೇಲೇಳಲಿಲ್ಲ. ಕೊನೆಗೆ 1990ರ ದಶಕದಲ್ಲಿ ಖಾಸಗಿಯವರು ಕಟ್ಟಿದರು. ಅಲ್ಲಿಯೂ ಲೆಕ್ಕ ಅದೇ: ಮಗ್ಗುಲಲ್ಲಿ ಸಂಡೂರಿನ ಅದಿರು.

ಹೋಗುವ ತಮ್ಮಂದಿರಿಗೆ ಹೋಗಬೇಡಿ ಎನ್ನುವುದಿಲ್ಲ. ಕೆಲಸ ಕಾಯಮ್ಮೋ ಗುತ್ತಿಗೆಯೋ, ಪಿಎಫ್ ಯಾರ ಹೆಸರಲ್ಲಿ ಕಟ್ಟುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಹೊಲ ಮಾರಿ ಮಾತ್ರ ಹೋಗಬೇಡಿ. ಭದ್ರಾವತಿಯಲ್ಲಿ ಕಾರ್ಖಾನೆ ಕುಂಟಿದಾಗ ಹಿಂತಿರುಗಲು ಊರಲ್ಲಿ ಹೊಲವಿದ್ದವರಿಗೆ ಒಂದು ದಾರಿಯಾದರೂ ಇತ್ತು. ಕ್ವಾರ್ಟರ್ಸ್‌ನಲ್ಲೇ ಹುಟ್ಟಿ ಬೆಳೆದವರಿಗೆ ಆ ಕ್ವಾರ್ಟರ್ಸೇ ಊರು.