ಕೊಳ್ಳೇಗಾಲದ ಕಡೆ ಸ್ಲೇಟಿನ ಸೂರು ಯಾಕಿಲ್ಲ?

ವೇಲ್ಸ್‌ನಲ್ಲಿ, ನಮ್ಮ ಹಿಮಾಚಲದ ಕಾಂಗ್ಡಾದಲ್ಲಿ ಮನೆಗೆ ಸ್ಲೇಟು ಹೊದಿಸ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಮನೆಗೆ ನಾಡಹೆಂಚು, ಗುಡಿಗೆ ಕಲ್ಲುಚಪ್ಪಡಿ. ಕಾರಣ ನೆಲದಡಿಯಲ್ಲೇ ಇದೆ. ಜೇಡಿಪದರ ಹದವಾಗಿ ಬಿಸಿಯಾಗಿ ಅದುಮಿಕೊಂಡರೆ ಸ್ಲೇಟು. ಉಳಿ ಇಟ್ಟರೆ ಹಾಳೆ ಹಾಳೆಯಾಗಿ ಏಳುತ್ತೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಶಿಲೆ ಬಹುಪಾಲು ಅದಕ್ಕಿಂತ ಎಷ್ಟೋ ಆಳದಲ್ಲಿ ಬೆಂದ ಚಾರ್ನೊಕೈಟ್. ಅದು ಹಾಗೆ ಹಾಳೆ ಬಿಡೋದಿಲ್ಲ.

ಅಂದಹಾಗೆ, ಆ ಹೆಸರು ಬಂದದ್ದೇ ಒಂದು ಬರಹದ ಕಲ್ಲಿನಿಂದ! ಕಲ್ಕತ್ತೆಯ ಜಾಬ್ ಚಾರ್ನಾಕನ ಗೋರಿಕಲ್ಲು ನೋಡಿ ಥಾಮಸ್ ಹಾಲೆಂಡ್ 1893ರಲ್ಲಿ ಇಟ್ಟದ್ದು.

ಇನ್ನು ತೂಕದ ಲೆಕ್ಕ. 6 ಮಿ.ಮೀ. ಸ್ಲೇಟು ಚದರ ಮೀಟರಿಗೆ ಸುಮಾರು 17 ಕೆ.ಜಿ.; 15 ಸೆಂ.ಮೀ. ಚಪ್ಪಡಿ ಸುಮಾರು 400 ಕೆ.ಜಿ. ಕಲ್ಲು ಒತ್ತಡ ತಡೆಯುತ್ತೆ, ಬಾಗಿಸಿದರೆ ಬಿರಿಯುತ್ತೆ. ಹಳೇ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರೋದು ಅದಕ್ಕೇ. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಲ್ಲೇ ಬಳೆ ಕೋದ ಕುಶಲಿಗರಿಗೂ ಈ ಲೆಕ್ಕ ತಪ್ಪಿದ್ದಲ್ಲ.

ಈಗ ಜೀರ್ಣೋದ್ಧಾರ ಅಂತ ಚಪ್ಪಡಿ ಇಳಿಸಿ ಆರ್‌ಸಿಸಿ ಹಾಕ್ತಾರೆ. ಶಾಸನದ ಕಲ್ಲನ್ನೇ ಕಟ್ಟಡಕ್ಕೆ ಮರುಬಳಸಿದ್ದು ನಮ್ಮಲ್ಲಿ ಹೊಸತಲ್ಲ. ಅದರಲ್ಲೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ರೈಸರ ಮೈಸೂರು ಸರ್ವೆಯ ಹೊರಗೇ ಉಳಿದಿತ್ತು. ಇಳಿಸಿದ ಪ್ರತಿ ಕಲ್ಲನ್ನೂ ಮಗುಚಿ ನೋಡಿ. ಜಲ್ಲಿಯಾದ ಮೇಲೆ ಪಡಿಯಚ್ಚು ತೆಗೆಯೋಕೆ ಏನೂ ಇರಲ್ಲ.